ಮಾದರಿ ಟ್ಯಾಂಕಿನ ಒಡಲಲ್ಲಿ ಏನಿರಬೇಕು? ಚೆಂಡಿಯಾದ ವೀರನ ಸ್ಟುವರ್ಟ್ ನೆಪದಲ್ಲಿ ಒಂದು ಮಾಹಿತಿ

ಕಾರವಾರ: ಕಾರವಾರದಿಂದ ಅಂಕೋಲೆಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವವರಿಗೆ ಬಿಣಗಾ, ಅರ್ಗಾ ದಾಟಿದ ಬಳಿಕ ಚೆಂಡಿಯಾ ಎಂಬ ಊರು ಎದುರಾಗುತ್ತದೆ. ಪರಮವೀರ ಚಕ್ರ ಪುರಸ್ಕೃತ ರಾಮ ರಾಘೋಬಾ ರಾಣೆ ಅವರ ಮೂಲ ಊರಿದು. 1918ರ ಜೂನ್ 26ರಂದು ಜನಿಸಿದ ರಾಣೆ 1940ರಲ್ಲಿ ಸೇನೆ ಸೇರಿ, ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿ ಸೇವೆ ಸಲ್ಲಿಸಿ, 1947ರ ಡಿಸೆಂಬರ್‌ನಲ್ಲಿ ಬಾಂಬೆ ಇಂಜಿನಿಯರ್ಸ್ ಪಡೆಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದವರು. ನಾಲ್ಕೇ ತಿಂಗಳ ನಂತರ, 1948ರ ಏಪ್ರಿಲ್ 8ರಿಂದ 11ರವರೆಗೆ, ಜಮ್ಮು ಪ್ರಾಂತ್ಯದ ನೌಶೇರಾ-ರಾಜೌರಿ ರಸ್ತೆಯಲ್ಲಿ ಅವರು ಮಾಡಿದ ಕಾರ್ಯ ಸೇನಾ ಚರಿತ್ರೆಯಲ್ಲಿ ದಾಖಲಾಗಿದೆ. ಶತ್ರುವಿನ ಮಷಿನ್‌ಗನ್ ಮತ್ತು ಮಾರ್ಟರ್ ದಾಳಿಯ ನಡುವೆ, ಸ್ವತಃ ಗಾಯಗೊಂಡಿದ್ದರೂ, ನೆಲಬಾಂಬುಗಳನ್ನೂ ರಸ್ತೆತಡೆಗಳನ್ನೂ ತೆರವುಗೊಳಿಸಿ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟದ್ದು ಅವರ ಸಾಹಸ.

ಈ ಪ್ರಸಂಗದ ಒಂದು ಕ್ಷಣ ಜನಮನದಲ್ಲಿ ವಿಶೇಷವಾಗಿ ನಿಂತಿದೆ. ನೆಲಬಾಂಬು ಹುದುಗಿಸಿದ ಹಾದಿಯಲ್ಲಿ ರಾಣೆ ಅವರು ಮುಂಚೂಣಿಯ ಟ್ಯಾಂಕಿನ ಹೊಟ್ಟೆಯಡಿ ತೆವಳುತ್ತ, ಎರಡು ಹಗ್ಗಗಳ ಮೂಲಕ ಚಾಲಕನಿಗೆ ಸೂಚನೆ ನೀಡುತ್ತ ಸಾಗಿದರು ಎಂಬುದೇ ಆ ಕಥನ. ಒಂದು ಹಗ್ಗ ಎಳೆದರೆ ನಿಲ್ಲಬೇಕು, ಇನ್ನೊಂದು ಎಳೆದರೆ ಮುಂದುವರಿಯಬೇಕು. ಕೇಳಿದವರೆಲ್ಲ ಬೆರಗಾಗುತ್ತಾರೆ. ಆದರೆ ಹಗ್ಗವೇ ಏಕೆ, ಕೂಗಿ ಹೇಳಬಾರದಿತ್ತೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಟ್ಯಾಂಕಿನ ಒಳಗೆ. ಮಾದರಿ ತಯಾರಿಸುವ ಹವ್ಯಾಸಿಗಳು ಸಾಮಾನ್ಯವಾಗಿ ಮುಚ್ಚಿಬಿಡುವ ಭಾಗವೂ ಅದೇ.

ಪ್ಲಾಸ್ಟಿಕ್ ಕಿಟ್‌ಗಳಿಂದ ಜೋಡಿಸುವ ಟ್ಯಾಂಕುಗಳು ಬಹುಮಟ್ಟಿಗೆ ಬರಿಯ ಚಿಪ್ಪುಗಳು. ಹೊರಗೆ ಸರಪಳಿ, ತೋಪು, ಲಾಂಛನ ಎಲ್ಲ ಕರಾರುವಾಕ್ಕಾಗಿರುತ್ತವೆ. ಮೇಲಿನ ಮುಚ್ಚಳ ತೆರೆದರೆ ಕತ್ತಲೆ. ಆ ಕತ್ತಲೆಗೆ ಆಸನ, ಸನ್ನೆಗೋಲು, ಗುಂಡುಗಳ ಅರೆ, ವೈರ್‌ಲೆಸ್ ಪೆಟ್ಟಿಗೆ, ತಂತಿಗಳನ್ನು ತುಂಬಿ ನೈಜ ಒಳಾಂಗಣ ಕೊಡುವುದು ಈ ಕಲೆಯ ಕಷ್ಟದ ಅಧ್ಯಾಯ. ಉಕ್ರೇನಿನ ಮಿನಿಆರ್ಟ್ ಸಂಸ್ಥೆ ಟಿ-54, ಟಿ-55 ಟ್ಯಾಂಕುಗಳ ಪೂರ್ಣ ಒಳಾಂಗಣದ ಕಿಟ್‌ಗಳನ್ನೇ ಹೊರತಂದಿದೆ. ಸ್ಟುವರ್ಟ್ ಟ್ಯಾಂಕಿಗೆ ಕೊರಿಯಾದ ಅಕಾಡೆಮಿ, ತೈವಾನಿನ ಎಎಫ್‌ವಿ ಕ್ಲಬ್, ಜಪಾನಿನ ತಮಿಯಾ ಸಂಸ್ಥೆಗಳ 1:35 ಪ್ರಮಾಣದ ಕಿಟ್‌ಗಳಿವೆ. ಕಿಟ್ಟಿನೊಳಗೆ ಏನೇ ಬಂದಿರಲಿ, ಭಾರತೀಯ ಸೇನೆಯ ಟ್ಯಾಂಕಿಗೆ ಬೇಕಾದ ತಿದ್ದುಪಡಿ ಮಾದರಿಕಾರನ ಕೈಯಲ್ಲೇ ಆಗಬೇಕು.

ಮೊದಲ ಪ್ರಶ್ನೆ: ಯಾವ ಸ್ಟುವರ್ಟ್?

ನೌಶೇರಾ-ರಾಜೌರಿ ಕಾರ್ಯಾಚರಣೆಯಲ್ಲಿ ಪಾಲ್ಗೊಂಡದ್ದು ಸೆಂಟ್ರಲ್ ಇಂಡಿಯಾ ಹಾರ್ಸ್ ರೆಜಿಮೆಂಟಿನ ಸ್ಟುವರ್ಟ್ ಟ್ಯಾಂಕುಗಳು. ಅಮೆರಿಕದಲ್ಲಿ 1941ರಿಂದ ತಯಾರಾದ ಈ ಹಗುರ ಟ್ಯಾಂಕಿಗೆ ಅಲ್ಲಿನ ಅಂತರ್ಯುದ್ಧ ಕಾಲದ ಸೇನಾನಿಯೊಬ್ಬರ ಹೆಸರಿಟ್ಟವರು ಬ್ರಿಟಿಷರು. ಎಲ್ಲ ಬಗೆಗಳೂ ಸೇರಿ 22 ಸಾವಿರಕ್ಕೂ ಹೆಚ್ಚು ತಯಾರಾದವು. ಎಂ3, ಎಂ3ಎ1, ಎಂ3ಎ3, ಎಂ5, ಎಂ5ಎ1 ಎಂಬ ಈ ಬಗೆಗಳು ದೂರದಿಂದ ಒಂದೇ ರೀತಿ ಕಂಡರೂ ಒಳಗೆ ಬೇರೆ ಬೇರೆ.

ಎಂ3 ಬಗೆಯ ಹಿಂಭಾಗದಲ್ಲಿ ವಿಮಾನಗಳಲ್ಲಿ ಬಳಸುವಂಥ, ಸಿಲಿಂಡರುಗಳು ಚಕ್ರದ ಅರಗಳಂತೆ ಸುತ್ತ ಕೂತಿರುವ, 7 ಸಿಲಿಂಡರಿನ ಕಾಂಟಿನೆಂಟಲ್ ಎಂಜಿನ್ ಇರುತ್ತಿತ್ತು. ಎಂಜಿನ್ ಹಿಂದೆ, ಗೇರ್‌ಪೆಟ್ಟಿಗೆ ಮುಂದೆ. ಎರಡನ್ನೂ ಜೋಡಿಸುವ ದಂಡ ಸೈನಿಕರು ಕೂರುವ ಕೋಣೆಯ ನಡುವೆಯೇ ಹಾದುಹೋಗಬೇಕು. ಈ ಬಗೆಯ ಎಂಜಿನ್ನಿನಲ್ಲಿ ತಿರುಗುವ ಅಚ್ಚು ಎತ್ತರದಲ್ಲಿರುವುದರಿಂದ ದಂಡವೂ ಎತ್ತರದಲ್ಲಿಯೇ ಹಾಯುತ್ತದೆ. ಎಂ3ರ ಒಳಾಂಗಣ ಮಾಡುವವರು ಈ ದಂಡದ ಹೊದಿಕೆಯನ್ನು ಬಿಟ್ಟರೆ ಉಳಿದದ್ದೆಲ್ಲ ಸರಿ ಇದ್ದರೂ ಮಾದರಿ ತಪ್ಪೇ. ಸೈನಿಕರ ಕಾಲು, ಆಸನ, ಗುಂಡಿನ ಪೆಟ್ಟಿಗೆ ಎಲ್ಲವೂ ಅದರ ಆಚೀಚೆ ಹೊಂದಿಕೊಂಡಿದ್ದವು. ಎಂ3ಎ1ರಲ್ಲಿ ಟರೆಟ್‌ನೊಂದಿಗೆ ತಿರುಗುವ ಬುಟ್ಟಿಯಂಥ ನೆಲಹಾಸು ಬಂದಿತು.

ಎಂ5 ಬಗೆಯಲ್ಲಿ ಎರಡು ಕ್ಯಾಡಿಲಾಕ್ ವಿ-8 ಕಾರು ಎಂಜಿನ್‌ಗಳು. ಅವುಗಳ ಜತೆ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್ ವ್ಯವಸ್ಥೆ. ಆದ್ದರಿಂದ ಎಂ5ರ ಚಾಲಕನ ಕಾಲಬುಡದಲ್ಲಿ ಕ್ಲಚ್ ಇಲ್ಲ. ಎಂ3ರಲ್ಲಿ ಇದೆ. ಪಕ್ಕದಲ್ಲಿ ಕೂರುವ ಸಹಚಾಲಕನಿಗೂ ಎಂ5ರಲ್ಲಿ ಪ್ರತ್ಯೇಕ ಚಾಲನಾ ಸನ್ನೆಗೋಲುಗಳಿದ್ದವು. ಎರಡೂ ಬಗೆಯ ಚಿತ್ರಗಳನ್ನು ಬೆರೆಸಿ ಒಂದೇ ಟ್ಯಾಂಕಿಗೆ ಒಳಾಂಗಣ ಮಾಡಿದವರ ಕೆಲಸ ಇಂಥಲ್ಲಿ ಸಿಕ್ಕಿಬೀಳುತ್ತದೆ. ಕಿಟ್ ಕೊಳ್ಳುವ ಮುನ್ನವೇ ಬಗೆಯನ್ನು ನಿಶ್ಚಯಿಸಿ, ಆ ಬಗೆಯ ಕೈಪಿಡಿ ಮತ್ತು ಚಿತ್ರಗಳನ್ನಷ್ಟೇ ಮೇಜಿನ ಮೇಲಿಟ್ಟುಕೊಳ್ಳುವುದು ಒಳಿತು.

ಎಲ್ಲ ಬಗೆಗೂ ಸಮಾನವಾದದ್ದು ನಾಲ್ವರು ಸಿಬ್ಬಂದಿ: ಎಡಗಡೆ ಮುಂದೆ ಚಾಲಕ, ಬಲಗಡೆ ಸಹಚಾಲಕ, ಟರೆಟ್‌ನಲ್ಲಿ ತೋಪು ಹಾರಿಸುವವನು ಮತ್ತು ದಳನಾಯಕ. ದಳನಾಯಕನೇ ಗುಂಡು ತುಂಬಬೇಕು. ತೋಪು 37 ಮಿಲಿಮೀಟರಿನದು. ಎಂ5ಎ1 ಬಗೆ 147 ಗುಂಡುಗಳನ್ನು ಹೊತ್ತೊಯ್ಯುತ್ತಿತ್ತು. ಇಷ್ಟು ಗುಂಡು, ನಾಲ್ಕು ಜನ, ಮಷಿನ್‌ಗನ್‌ಗಳ ಸಾವಿರಾರು ತೋಟಾ ಸೇರಿದ ಮೇಲೆ ಕೈಯಾಡಿಸಲೂ ಜಾಗ ಉಳಿಯುವುದಿಲ್ಲ. ಮಾದರಿಯ ಒಳಗೆ ವಿಶಾಲ ಕೊಠಡಿಯಂತೆ ಕಂಡರೆ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ.

ವೈರ್‌ಲೆಸ್ ಪೆಟ್ಟಿಗೆಯದು ಇನ್ನೊಂದು ಎಡವಟ್ಟು. ಕಿಟ್‌ಗಳಲ್ಲಿ ಬರುವುದು ಸಾಮಾನ್ಯವಾಗಿ ಅಮೆರಿಕ ಸೇನೆಯ ವೈರ್‌ಲೆಸ್. ಬ್ರಿಟಿಷ್ ಪದ್ಧತಿಯ ಸೇನೆಗಳು ಸ್ಟುವರ್ಟ್‌ಗಳಲ್ಲಿ ಅಳವಡಿಸಿದ್ದು 19ನೇ ಸಂಖ್ಯೆಯ ಸೆಟ್. ಸ್ವಾತಂತ್ರ್ಯ ಬಂದ ಮರುವರ್ಷದ ಭಾರತೀಯ ಟ್ಯಾಂಕಿಗೆ ಈ ಪೆಟ್ಟಿಗೆಯೇ ಹೊಂದುತ್ತದೆ. ಚಿಕ್ಕ ಪ್ಲಾಸ್ಟಿಕ್ ತುಂಡಿನ ಮೇಲೆ ಗುಂಡಿಗಳನ್ನೂ ಮಾಪಕಗಳನ್ನೂ ಕೂರಿಸಿ ಇದನ್ನು ಮಾಡಿಕೊಳ್ಳುವುದು ಒಂದು ಸಂಜೆಯ ಕೆಲಸ.

ಹಗ್ಗದ ಕಾರಣ

ಚಾಲಕನ ಆಸನದಲ್ಲಿ ಒಂದು ಗೊಂಬೆಯನ್ನು ಕೂರಿಸಿ, ಕಣ್ಣಿನ ಮಟ್ಟದಿಂದ ಒಂದು ದಾರವನ್ನು ಮುಂಭಾಗದ ಅಂಚಿನ ಮೇಲಿಂದ ನೆಲದವರೆಗೆ ಎಳೆದು ನೋಡಿದರೆ ವಿಷಯ ತಿಳಿಯುತ್ತದೆ. ದಾರ ನೆಲ ಮುಟ್ಟುವುದು ಟ್ಯಾಂಕಿನಿಂದ ಸಾಕಷ್ಟು ದೂರದಲ್ಲಿ. ಅದಕ್ಕಿಂತ ಹತ್ತಿರದ ನೆಲ ಚಾಲಕನಿಗೆ ಕಾಣುವುದೇ ಇಲ್ಲ. ಗುಂಡಿನ ಮಳೆಯಲ್ಲಿ ಬಾಗಿಲು ಮುಚ್ಚಿಕೊಂಡರಂತೂ ಕಿರುದಾದ ಕಿಂಡಿ ಅಥವಾ ಪೆರಿಸ್ಕೋಪಿನ ಗಾಜೇ ಗತಿ. ಬೆನ್ನ ಹಿಂದೆ ಎಂಜಿನ್, ಕಾಲ ಬಳಿ ಗೇರ್‌ಪೆಟ್ಟಿಗೆ, ಹೊರಗೆ ಮಾರ್ಟರ್. ಹೊಟ್ಟೆಯಡಿ ಇರುವ ಮನುಷ್ಯ ಎಷ್ಟೇ ಕೂಗಿದರೂ ಅದು ಕಿವಿಗೆ ಬೀಳದು. ಕೈಗೆ ತಾಗುವ ಸೂಚನೆಯೊಂದೇ ಉಳಿದ ದಾರಿ. ಒಳಾಂಗಣವಿಲ್ಲದ ಮಾದರಿಯಲ್ಲಿ ರಾಣೆಯವರ ಹಗ್ಗ ಕೇವಲ ಅಲಂಕಾರವಾಗಿ ಕಾಣುತ್ತದೆ. ಚಾಲಕನನ್ನು ಅವನ ಇಕ್ಕಟ್ಟಿನ ಗೂಡಿನಲ್ಲಿ ತೋರಿಸಿದಾಗಲೇ ಅದರ ಅನಿವಾರ್ಯತೆ ಕಣ್ಣಿಗೆ ಕಟ್ಟುತ್ತದೆ.

ಕೆಳಗಿನ ಜಾಗವನ್ನೂ ಅಳೆಯಬೇಕು. ಸ್ಟುವರ್ಟ್‌ನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸುಮಾರು 40 ಸೆಂಟಿಮೀಟರ್. 1:35 ಪ್ರಮಾಣದಲ್ಲಿ ಅದು 11 ಮಿಲಿಮೀಟರಿಗೆ ತುಸು ಹೆಚ್ಚು. ಬೋರಲಾಗಿ ಮಲಗಿದ ಗೊಂಬೆಯ ಎದೆಯ ದಪ್ಪವೇ ಸುಮಾರು 7 ಮಿಲಿಮೀಟರ್ ಆಗುತ್ತದೆ. ತಲೆಯೆತ್ತಿದರೆ ಉಕ್ಕು ತಾಗುವ ಸ್ಥಿತಿ. ಮಾರುಕಟ್ಟೆಯಲ್ಲಿ ಸಿಗುವ, ಮೊಣಕೈಯೂರಿ ತೆವಳುವ ಭಂಗಿಯ ಸೈನಿಕ ಗೊಂಬೆಗಳನ್ನು ಇಲ್ಲಿ ನೇರವಾಗಿ ಬಳಸಲಾಗದು. ಭುಜ, ಕತ್ತು ಕತ್ತರಿಸಿ ತಗ್ಗಿಸಬೇಕು. ಸರಪಳಿಗಳ ನಡುವಿನ ಅಗಲವನ್ನೂ ಕಿಟ್ಟಿನ ಮೇಲೆಯೇ ಅಳೆದುಕೊಂಡರೆ ಆ ಮನುಷ್ಯ ಎಂಥ ಜಾಗದಲ್ಲಿದ್ದ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರಮವೀರ ಚಕ್ರದ ಅಧಿಕೃತ ಪ್ರಶಸ್ತಿಪತ್ರದಲ್ಲಿರುವ ವಿವರಗಳೇ ಬೇರೆ: ಆರಂಭದ ಮಾರ್ಟರ್ ದಾಳಿಯಲ್ಲಿ ಇಬ್ಬರ ಸಾವು, ರಾಣೆಯೂ ಸೇರಿ ಐವರಿಗೆ ಗಾಯ, ಬರವಾಲಿ ಏರು ವಶವಾದ ಮೇಲೆ ಟ್ಯಾಂಕುಗಳಿಗೆಂದು ರಾತ್ರಿಯವರೆಗೆ ಬಳಸುದಾರಿ ನಿರ್ಮಾಣ, ಪೈನ್ ಮರಗಳನ್ನು ಕಡಿದುರುಳಿಸಿದ ರಸ್ತೆತಡೆಗಳ ಸ್ಫೋಟ, ಕೆಡವಿದ ಮೋರಿ, ಚಿಂಗಸ್‌ವರೆಗಿನ ರಸ್ತೆ. ಹಗ್ಗದ ಪ್ರಸಂಗ ಬರುವುದು ಯುದ್ಧ ಕಥನಗಳಲ್ಲಿ. ಎರಡನ್ನೂ ಒಂದೇ ದೃಶ್ಯದಲ್ಲಿ ಬೆರೆಸುವ ಬದಲು ಒಂದು ಕ್ಷಣವನ್ನು ಆಯ್ದುಕೊಳ್ಳುವುದು ಲೇಸು. ಪ್ರಶಸ್ತಿಪತ್ರದ ದೃಶ್ಯವನ್ನು ಆಯ್ದವರು ಸ್ಟುವರ್ಟ್‌ಗಿಂತ ಮುಂದೆ ಒಂದು ಸಣ್ಣ ಕ್ಯಾರಿಯರ್ ಗಾಡಿಯನ್ನೂ ಇಡಬೇಕಾಗುತ್ತದೆ. ದಂಡು ಮುಂದುವರಿದಾಗ ರಾಣೆ ಹತ್ತಿದ್ದು ಮುಂಚೂಣಿಯ ಕ್ಯಾರಿಯರನ್ನು.

ಅವಧಿ ಮೀರಿದ ಎಟಿಎಂ ಕಾರ್ಡಿನ ಉಪಯೋಗ

ಒಳಾಂಗಣದ ಕೆಲಸಕ್ಕೆ ಮೊದಲ ಶತ್ರು ಕಿಟ್ಟಿನ ಗೋಡೆಯ ದಪ್ಪ. ಸ್ಟುವರ್ಟ್‌ನ ಪಕ್ಕದ ಉಕ್ಕಿನ ಕವಚ ಸುಮಾರು 25 ಮಿಲಿಮೀಟರ್. 1:35ರಲ್ಲಿ ಅದು ಸುಮಾರು 0.7 ಮಿಲಿಮೀಟರ್ ಇರಬೇಕು. ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ ಗೋಡೆ ಅದಕ್ಕಿಂತ ದಪ್ಪ. ಎರಡೂ ಬದಿ ಸೇರಿದರೆ ಒಳಗಿನ ಅಗಲ ಕುಗ್ಗಿ, ಅಳತೆಗೆ ಸರಿಯಾಗಿ ಮಾಡಿದ ಆಸನಗಳು ಹಿಡಿಸುವುದೇ ಇಲ್ಲ. ಪರಿಹಾರ ಎರಡು. ಗೋಡೆಯನ್ನು ಒಳಗಿನಿಂದ ಉಜ್ಜಿ ತೆಳುವಾಗಿಸಬಹುದು. ಇಲ್ಲವೇ ಆ ಭಾಗವನ್ನೇ ಕತ್ತರಿಸಿ ತೆಳುಹಾಳೆಯಿಂದ ಹೊಸ ಗೋಡೆ ಕಟ್ಟಬಹುದು. ಮುಚ್ಚಳ ತೆರೆದಾಗ ಅಂಚು ಕಾಣುವಲ್ಲಿ ಮಾತ್ರ ತೆಳುವಾಗಿಸಿ, ಉಳಿದೆಡೆ ಸಾಮಗ್ರಿಗಳನ್ನೇ ಕೂದಲೆಳೆಯಷ್ಟು ಕಿರಿದಾಗಿಸುವವರೂ ಉಂಟು. ಕಣ್ಣಿಗೆ ಮೋಸ, ಆದರೆ ಕ್ಷಮಾರ್ಹ ಮೋಸ.

ಹಾಳೆಗೆ ಪರದೇಶದ ಸಾಮಗ್ರಿಯೇ ಬೇಕೆಂದಿಲ್ಲ. ಬ್ಯಾಂಕುಗಳ ಎಟಿಎಂ ಕಾರ್ಡುಗಳು ಅಂತರರಾಷ್ಟ್ರೀಯ ಮಾನದಂಡದಂತೆ 0.76 ಮಿಲಿಮೀಟರ್ ದಪ್ಪ ಇರುತ್ತವೆ. 35ರಿಂದ ಗುಣಿಸಿದರೆ 26.6 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಸ್ಟುವರ್ಟ್‌ನ ಪಕ್ಕದ ಕವಚ! ಅವಧಿ ಮುಗಿದ ಕಾರ್ಡಿನ ಚಿಪ್ ಇರುವ ಭಾಗ ಬಿಟ್ಟು ಉಳಿದದ್ದನ್ನು ಕತ್ತರಿಸಿಕೊಳ್ಳಬಹುದು. ಆದರೆ ಈ ಕಾರ್ಡುಗಳು ಸಾಮಾನ್ಯವಾಗಿ ಪಿವಿಸಿ. ಕಿಟ್‌ಗಳ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ಅಂಟು ಇದರ ಮೇಲೆ ಹಿಡಿಯದು. ಫೆವಿಕ್ವಿಕ್‌ನಂಥ ಅಂಟೇ ಬೇಕು.

ಕೆಟ್ಟ ಫ್ಯಾನು, ಮೋಟಾರುಗಳ ಸುರುಳಿಯಿಂದ ಬಿಚ್ಚಿದ ತಾಮ್ರದ ತಂತಿ ವಿದ್ಯುತ್ ತಂತಿಗಳಿಗೂ ಇಂಧನ ಕೊಳವೆಗಳಿಗೂ ಹೇಳಿ ಮಾಡಿಸಿದಂತಿದೆ. 37 ಮಿಲಿಮೀಟರ್ ಗುಂಡು ಈ ಪ್ರಮಾಣದಲ್ಲಿ 1 ಮಿಲಿಮೀಟರ್‌ಗಿಂತ ಸ್ವಲ್ಪವೇ ದಪ್ಪ. ಅದರ 223 ಮಿಲಿಮೀಟರ್ ಉದ್ದದ ಹಿತ್ತಾಳೆ ಕವಚ 6.4 ಮಿಲಿಮೀಟರ್. ಕಿಟ್ಟಿನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಬಿಸಿಗೆ ಹಿಡಿದು ಎಳೆದರೆ ಬೇಕಾದ ದಪ್ಪದ ಎಳೆ ಸಿಗುತ್ತದೆ. ಎಲ್ಲ 147 ಗುಂಡುಗಳನ್ನು ಮಾಡುವ ಹಟ ಬೇಡ. ಅರೆಗಳಲ್ಲಿ ತಲೆ ಕಾಣುವಷ್ಟು ಸಾಕು.

ಹಗ್ಗಕ್ಕೆ ಕಾರವಾರ, ಅಂಕೋಲಾ ಸೀಮೆಯಲ್ಲಿ ಕೊರತೆಯೇ ಇಲ್ಲ. 12 ಮಿಲಿಮೀಟರ್ ದಪ್ಪದ ಹಗ್ಗಕ್ಕೆ 0.35 ಮಿಲಿಮೀಟರಿನ ದಾರ ಬೇಕು. ಮೀನುಗಾರಿಕೆಯ ಅಂಗಡಿಗಳಲ್ಲಿ ಸಿಗುವ ಗಾಳದ ದಾರದ ಸುರುಳಿಗಳ ಮೇಲೆ ದಪ್ಪವನ್ನು ಮುದ್ರಿಸಿಯೇ ಇರುತ್ತಾರೆ. ಆದರೆ ನೈಲಾನ್ ಹೊಳೆಯುತ್ತದೆ, ಬಣ್ಣ ಹಿಡಿಯುವುದಿಲ್ಲ, ಬಿಗಿ ಬಿಟ್ಟರೆ ಸುರುಳಿಯಾಗಿಯೇ ಉಳಿಯುತ್ತದೆ. ಹೊಲಿಗೆಯ ಹತ್ತಿ ದಾರದ ಎರಡು ಎಳೆ ಹೊಸೆದು, ತೆಳು ಅಂಟಿನಿಂದ ನಯಗೊಳಿಸಿದರೆ ನಾರಿನ ಹಗ್ಗದ ಹೋಲಿಕೆ ಬರುತ್ತದೆ.

ರಸ್ತೆತಡೆಯ ಪೈನ್ ಮರಕ್ಕೂ ಇಲ್ಲಿಯೇ ದಾರಿಯಿದೆ. ನೌಶೇರಾ-ರಾಜೌರಿ ಸೀಮೆಯ ಚೀಡ್ ಪೈನ್ ಮರದ ಸೂಜಿ ಎಲೆಗಳು 20ರಿಂದ 30 ಸೆಂಟಿಮೀಟರ್ ಉದ್ದದವು. ಮಾದರಿಯಲ್ಲಿ 6ರಿಂದ 9 ಮಿಲಿಮೀಟರ್ ಸಾಕು. ಕಡಲತೀರದ ಗಾಳಿಮರಗಳಡಿ ಬಿದ್ದಿರುವ ಒಣ ಎಳೆಗಳನ್ನು ಆ ಅಳತೆಗೆ ಕತ್ತರಿಸಿ ಕುಚ್ಚು ಕಟ್ಟಬಹುದು.

ಬಣ್ಣ ಮತ್ತು ಮಳೆಗಾಲ

ಅಮೆರಿಕದ ಟ್ಯಾಂಕುಗಳ ಒಳಭಾಗಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದರು. ಮಂದ ದೀಪದಲ್ಲಿಯೂ ಒಳಗೆ ಬೆಳಕು ಹರಡಲೆಂಬುದು ಕಾರಣ. ಆದರೆ ತೆರೆದಾಗ ಹೊರಗೆ ಕಾಣುವ ಮುಚ್ಚಳಗಳ ಒಳಮೈಗೆ ಹೊರಗಿನ ಹಸಿರುಗಂದು ಬಣ್ಣವೇ. ಬಿಳಿಯಾದರೆ ದೂರದಿಂದ ಶತ್ರುವಿನ ಕಣ್ಣಿಗೆ ಬೀಳುತ್ತದೆ. ಇದನ್ನು ಮರೆತು ಮುಚ್ಚಳವನ್ನೂ ಬಿಳಿಯಾಗಿಸುವುದು ಸರ್ವೇಸಾಮಾನ್ಯವಾದ ತಪ್ಪು. ಅಚ್ಚ ಬಿಳಿಯೂ ಬೇಡ. ಹಳದಿಯ ಒಂದು ಹನಿ ಬೆರೆಸಿ, ಮೂಲೆಗಳಿಗೆ ತೆಳುವಾದ ಕಂದು ತೈಲವರ್ಣ ಹರಿಸಿ ಒರೆಸಿದರೆ ವರ್ಷಗಟ್ಟಲೆ ದುಡಿದ ಯಂತ್ರದ ಮೈ ಕಾಣುತ್ತದೆ. ಬೂಟು ತಾಗುವ ನೆಲಕ್ಕೆ ಸವೆತ ಹೆಚ್ಚು, ತಲೆಯ ಮೇಲಿನ ಚಾವಣಿಗೆ ಕಡಿಮೆ. ಹೊರಮೈಗೆ ಹಚ್ಚುವಷ್ಟು ತುಕ್ಕು ಒಳಗೆ ಹಚ್ಚಬಾರದು. ಬಳಕೆಯಲ್ಲಿರುವ ಟ್ಯಾಂಕನ್ನು ಸಿಬ್ಬಂದಿ ಎಣ್ಣೆ ಹಚ್ಚಿ ನೋಡಿಕೊಳ್ಳುತ್ತಾರೆಯೇ ಹೊರತು ಗುಜರಿಯಂತೆ ಬಿಡುವುದಿಲ್ಲ.

ಒಳಾಂಗಣವನ್ನು ಜೋಡಿಸುತ್ತ ಹೋಗಿ ಕೊನೆಯಲ್ಲಿ ಬಣ್ಣ ಹಚ್ಚುತ್ತೇನೆಂದರೆ ಕುಂಚ ಒಳಗೆ ಹೋಗುವುದಿಲ್ಲ. ತಳ, ಎರಡು ಬದಿ, ಟರೆಟ್ ಹೀಗೆ ತುಂಡುಗಳಾಗಿ ಬಣ್ಣ ಮುಗಿಸಿ, ಪ್ರತಿ ಹಂತದಲ್ಲೂ ಅಂಟಿಲ್ಲದೆ ಕೂರಿಸಿ ನೋಡಿ, ಆಮೇಲೆ ಮುಚ್ಚಬೇಕು. ಅಚ್ಚಿನಿಂದ ತಳ್ಳುವಾಗ ಬಿದ್ದ ದುಂಡನೆಯ ಗುರುತುಗಳು ಒಳಮೈಯಲ್ಲೇ ಹೆಚ್ಚು. ಹೊರಗಿನ ಮಾದರಿಗೆ ಅವು ಲೆಕ್ಕಕ್ಕಿಲ್ಲ, ಒಳಾಂಗಣಕ್ಕೆ ಪುಟ್ಟಿ ತುಂಬಿ ಉಜ್ಜಲೇಬೇಕು.

ಕರಾವಳಿಯ ಹವ್ಯಾಸಿಗಳು ಪಂಚಾಂಗವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವದಿಂದಾಗಿ ಬೇಗ ಆರುವ ಲ್ಯಾಕರ್ ಬಣ್ಣಗಳ ಮೇಲೆ ಮಂಜಿನಂಥ ಬಿಳಿ ಪೊರೆ ಕಟ್ಟುತ್ತದೆ. ಬಿಳಿ ಒಳಾಂಗಣದಲ್ಲಿ ಅದು ಕಾಣದಿರಬಹುದು, ಮುಚ್ಚಳದ ಹಸಿರಿನ ಮೇಲೆ ತಪ್ಪದೆ ಕಾಣುತ್ತದೆ. ಎನಾಮೆಲ್ ಆರಲು ದಿನಗಟ್ಟಲೆ ಹಿಡಿಯುತ್ತದೆ. ಕತ್ತರಿಸುವ, ಜೋಡಿಸುವ ಕೆಲಸವನ್ನು ಮಳೆಗಾಲಕ್ಕಿಟ್ಟು ಬಣ್ಣವನ್ನು ದೀಪಾವಳಿಯ ನಂತರಕ್ಕೆ ಉಳಿಸಿಕೊಳ್ಳುವುದು ಜಾಣತನ.

ಕಾರವಾರದಲ್ಲಿಯೇ ಇರುವ ಪಾಠಶಾಲೆ

ಟ್ಯಾಂಕಿನೊಳಗೆ ಇಳಿದು ನೋಡುವ ಅವಕಾಶ ಸಾರ್ವಜನಿಕರಿಗೆ ವಿರಳ. ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿ (ಹಿಂದಿನ ಅಹ್ಮದ್‌ನಗರ) 1994ರಲ್ಲಿ ಆರಂಭವಾದ ಟ್ಯಾಂಕ್ ವಸ್ತುಸಂಗ್ರಹಾಲಯ ಹಳೆಯ ಟ್ಯಾಂಕುಗಳನ್ನು ಹತ್ತಿರದಿಂದ ನೋಡಲು ಯೋಗ್ಯ ತಾಣ. ಮಡಿಕೇರಿಯ ಸನ್ನಿಸೈಡ್ ನಿವಾಸದಲ್ಲಿ 2021ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿಯೂ ಟ್ಯಾಂಕ್ ಇದೆ. ಸ್ಟುವರ್ಟ್ ಕಥೆಗೆ ತಿಮ್ಮಯ್ಯನವರ ನಂಟು ಸಣ್ಣದಲ್ಲ. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳನ್ನು ನುಗ್ಗಿಸಿದಾಗ ಮೇಜರ್ ಜನರಲ್ ಆಗಿದ್ದ ಅವರು ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ದುರ್ಬಲ ಸೇತುವೆಗಳನ್ನು ದಾಟಿಸಲು, ಗುಟ್ಟು ಕಾಪಾಡಲು, ಆ ಟ್ಯಾಂಕುಗಳ ಟರೆಟ್‌ಗಳನ್ನು ಬಿಚ್ಚಿ ಸಾಗಿಸಲಾಗಿತ್ತು. ಮಾದರಿಕಾರನಿಗೆ ಇದೊಂದು ಉಪಾಯದ ಸುಳಿವು: ಟರೆಟ್ ಬಿಚ್ಚಿದ ಸ್ಟುವರ್ಟನ್ನು ಲಾರಿಯ ಪಕ್ಕದಲ್ಲಿಟ್ಟು ತೋರಿಸಿದರೆ ಕೃತಕವಾಗಿ ಗೋಡೆ ಸೀಳದೆಯೇ ಇಡೀ ಒಳಾಂಗಣ ಕಣ್ಣಿಗೆ ಬೀಳುತ್ತದೆ, ಇತಿಹಾಸಕ್ಕೂ ಚ್ಯುತಿಯಿಲ್ಲ.

ಕಾರವಾರದವರಿಗಾದರೆ ರವೀಂದ್ರನಾಥ ಟಾಗೋರ್ ಕಡಲತೀರದ ಐಎನ್‌ಎಸ್ ಚಪಲ್ ಇದೆ. ಇದು ಟ್ಯಾಂಕಲ್ಲ, ಸೋವಿಯತ್ ನಿರ್ಮಿತ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿ ಹೊಂದಿದ ಈ ನೌಕೆಯನ್ನು 2006ರ ನವೆಂಬರ್‌ನಲ್ಲಿ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. 1971ರ ಕರಾಚಿ ದಾಳಿಯಲ್ಲಿ ಚಪಲ್ ಪಾಲ್ಗೊಂಡಿತ್ತೆಂಬ ಮಾತು ಆಗಾಗ ಕೇಳಿಬರುತ್ತದೆ. ನೌಕಾಪಡೆ ಸೇರಿದ ವರ್ಷವನ್ನು ನೋಡಿದರೆ ಅದು ನಿಲ್ಲುವುದಿಲ್ಲ. ಇದರ ಒಳಕೋಣೆಗಳಲ್ಲಿ ಸಿಬ್ಬಂದಿಯ ಗೊಂಬೆಗಳನ್ನಿರಿಸಿ ನೌಕಾಜೀವನವನ್ನು ತೋರಿಸಲಾಗಿತ್ತು. ಉಕ್ಕಿನ ಗೋಡೆಗಳ ನಡುವೆ ಮನುಷ್ಯದೇಹ ಎಷ್ಟು ಜಾಗ ತಿನ್ನುತ್ತದೆ, ಕೊಳವೆ ಮತ್ತು ತಂತಿಗಳು ಹೇಗೆ ಗುಂಪಾಗಿ ಓಡಿ ಎಲ್ಲಿ ಹಿಡಿಕೆಗೆ ಸಿಕ್ಕಿಕೊಳ್ಳುತ್ತವೆ ಎಂಬುದು ಅಲ್ಲಿ ಅರಿವಾಗುತ್ತದೆ. ಆದರೆ ವಸ್ತುಸಂಗ್ರಹಾಲಯಗಳಲ್ಲಿ ಕಂಡ ಬಣ್ಣವನ್ನು ನಂಬಿ ಮಾದರಿಗೆ ಬಳಿಯುವುದು ಸಲ್ಲ. ಪ್ರದರ್ಶನಕ್ಕಿಟ್ಟ ಯಂತ್ರಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ. ಸೇವೆಯ ದಿನಗಳ ಬಣ್ಣ ಅದರಡಿ ಹೂತಿರುತ್ತದೆ. ರಾಣೆ ಅವರ ಪ್ರತಿಮೆ ಅನಾವರಣಗೊಂಡದ್ದೂ ಇದೇ ಆವರಣದಲ್ಲಿ, 2006ರ ನವೆಂಬರ್ 7ರಂದು. 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿದ್ದ ಅವರು 1994ರಲ್ಲಿ ಪುಣೆಯಲ್ಲಿ ನಿಧನರಾದರು. 2023ರ ಜನವರಿಯಲ್ಲಿ ಅಂಡಮಾನ್ ನಿಕೋಬಾರ್‌ನ ಒಂದು ದ್ವೀಪಕ್ಕೆ ಅವರ ಹೆಸರಿಡಲಾಯಿತು.

ಮಾದರಿ ಮುಗಿದ ಮೇಲೆ ಪ್ರದರ್ಶನದ ಫಲಕ ಬರೆಯುವ ಕೆಲಸ ಉಳಿಯುತ್ತದೆ. ಟ್ಯಾಂಕಿನ ಬಗೆ, ರೆಜಿಮೆಂಟ್, ಸ್ಥಳ ಮತ್ತು ದಿನಾಂಕದ ಜತೆಗೆ ದೃಶ್ಯ ಪ್ರಶಸ್ತಿಪತ್ರವನ್ನು ಆಧರಿಸಿದ್ದೋ, ಹಗ್ಗದ ಕಥನವನ್ನು ಆಧರಿಸಿದ್ದೋ ಎಂಬುದನ್ನೂ ಬರೆಯಬೇಕು. ಹಗ್ಗದ ದೃಶ್ಯವಾದರೆ ಪೆಟ್ಟಿಗೆಯ ತಳದಲ್ಲಿ ಒಂದು ಕನ್ನಡಿ ಓರೆಯಾಗಿರಲಿ. ನಿಂತು ನೋಡುವವರಿಗೆ ಸರಪಳಿಗಳ ನಡುವಿನ ಮನುಷ್ಯ ಬೇರೆ ರೀತಿಯಲ್ಲಿ ಕಾಣುವುದಿಲ್ಲ. ಮೇಲೆ ಚಾಲಕನ ಬಾಗಿಲು ತೆರೆದಿರಲಿ. ಹಗ್ಗದ ಎರಡೂ ತುದಿಗಳನ್ನು ಅವನ ಕೈಗೆ ಅಂಟಿಸುವ ಕೆಲಸ ಎಲ್ಲಕ್ಕಿಂತ ಕೊನೆಯದು, ಮೇಲ್ಭಾಗವನ್ನು ಮುಚ್ಚುವ ಮುಂಚಿನದು.